ಹಿರಿಯರ ಕಥೆ ಕೇಳಬೇಕೇ? ಮೊದಲು ಕುರ್ಚಿ ಎಳೆದುಕೊಂಡು ಕೂರಿ

ಅಕ್ಟೋಬರ್ 1 ಬಂತೆಂದರೆ ಹಿರಿಯರ ವಸತಿಗಳಲ್ಲಿ ಸಡಗರ. ಆ ದಿನವನ್ನು ಹಿರಿಯರ ದಿನ ಅಂತ ವಿಶ್ವಸಂಸ್ಥೆ 1990ರಲ್ಲೇ ಘೋಷಿಸಿದೆ, ಸರಿ. ಹೂಗುಚ್ಛ, ಭಾಷಣ, ಗ್ರೂಪ್ ಫೋಟೊ, ಮುಗಿಯಿತು. ಮರುದಿನ ಅವರು ಮತ್ತೆ ಬರೀ ‘12ನೇ ರೂಮಿನವರು’. ಅವರು ಮೂವತ್ತು ವರ್ಷ ರೈಲು ಓಡಿಸಿದವರು ಅನ್ನೋದು ಪಕ್ಕದ ರೂಮಿಗೂ ಗೊತ್ತಿರುವುದಿಲ್ಲ. ಇದನ್ನು ಬದಲಾಯಿಸೋಕೆ ದೊಡ್ಡ ಸಮಾರಂಭ ಬೇಕಿಲ್ಲ. ವಾರಕ್ಕೊಮ್ಮೆ ಒಬ್ಬರ ಹತ್ತಿರ ಅರ್ಧ ಗಂಟೆ ಕೂತು, ಅವರ ಕಥೆ ಕೇಳಿ ಬರೆದಿಟ್ಟರೆ ಸಾಕು.

‘ನಿಮ್ಮ ಜೀವನದ ಕಥೆ ಹೇಳಿ’ ಅಂತ ಮಾತ್ರ ಶುರು ಮಾಡಬೇಡಿ. ‘ನಂದೇನಿದೆ ಬಿಡಿ’ ಅಂತಾರೆ, ಅಲ್ಲಿಗೆ ಮಾತು ನಿಂತುಹೋಗುತ್ತದೆ. ಸಣ್ಣದು ಕೇಳಿ. ಮೊದಲ ಸಂಬಳ ಯಾರ ಕೈಗೆ ಕೊಟ್ಟಿರಿ? ಶಾಲೆಗೆ ಹೋಗುವ ದಾರಿ ಹೇಗಿತ್ತು? ಯಾವ ಕೆಲಸದಲ್ಲಿ ನಿಮ್ಮನ್ನು ಮೀರಿಸುವವರು ಇರಲಿಲ್ಲ? ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಜಾಸ್ತಿ ಮೇಲೆ ಬರುತ್ತವೆ, ಹಾಗಾಗಿ ಅಲ್ಲಿಂದಲೇ ಎಳೆ ಹಿಡಿಯಿರಿ. ಹಳೇ ಫೋಟೊನೋ, ಅವರು ಬಳಸುತ್ತಿದ್ದ ಸಾಮಾನೋ, ಆ ಕಾಲದ ಹಾಡೋ ಸಿಕ್ಕರಂತೂ ನೀವು ಪ್ರಶ್ನೆ ಕೇಳುವುದೇ ಬೇಕಾಗುವುದಿಲ್ಲ.

ಆಮೇಲೆ ಸುಮ್ನೆ ಇರಿ. ಕಷ್ಟ ಇರೋದೇ ಇಲ್ಲಿ. ಅವರು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರೆ ನಮಗೆ ತಡೆಯೋಕಾಗಲ್ಲ, ಇನ್ನೊಂದು ಪ್ರಶ್ನೆ ತುರುಕುತ್ತೇವೆ, ನಾಲಿಗೆ ತುದಿಗೆ ಬಂದಿದ್ದು ಹಾಗೇ ಒಳಗೆ ಹೋಗಿಬಿಡುತ್ತದೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ‘ಆಗಲೇ ಹೇಳಿದಿರಿ’ ಅನ್ನಬೇಡಿ. ಹಿರಿಯರು ಹಿಂದಿನದನ್ನು ಮೆಲುಕು ಹಾಕುವುದು ಅರಳುಮರಳಲ್ಲ, ಆ ವಯಸ್ಸಿಗೆ ಸಹಜವಾದ ಮನಸ್ಸಿನ ಕೆಲಸ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು.

ಮರೆವಿನ ಕಾಯಿಲೆ ಇರುವವರಿಗೆ ‘ನೆನಪಿದೆಯಾ?’ ಅನ್ನೋದು ಪರೀಕ್ಷೆ ಇದ್ದಹಾಗೆ. ಕತ್ತರಿಯೋ ರಂಗದ ಬಣ್ಣವೋ, ಅವರ ಕಸುಬಿನ ವಸ್ತು ಕೈಗೆ ಕೊಟ್ಟು ‘ಹೇಗೆ ಹಿಡಿಯೋದು, ತೋರಿಸಿ’ ಅನ್ನಿ. ಇಸವಿ ತಪ್ಪಿದರೆ ತಪ್ಪಲಿ, ತಿದ್ದಬೇಡಿ. ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ಜೊತೆಗೆ ಕೂತಿರಿ. ರೆಕಾರ್ಡಿಂಗ್ ಅಂದೆನಲ್ಲ, ಅದೂ ಅವರನ್ನು ಕೇಳಿಯೇ.

ಬರೆಯುವಾಗ ಅವರ ಮಾತು ಅವರದೇ ಧಾಟಿಯಲ್ಲಿರಲಿ. ‘ಶ್ರಮಜೀವಿ, ಆದರ್ಶ ಗೃಹಿಣಿ’ ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಯಾವುದು ಎಲ್ಲರಿಗೆ, ಯಾವುದು ಮನೆಯವರಿಗೆ ಮಾತ್ರ, ಯಾವುದನ್ನು ಹರಿದುಹಾಕಬೇಕು ಅನ್ನುವುದು ಅವರ ತೀರ್ಮಾನ. ಮಕ್ಕಳು ಒಪ್ಪಿದರೆ ಸಾಲದು.

ಒಂದೇ ಪುಟ, ದೊಡ್ಡ ಅಕ್ಷರ, ಕೆಲಸ ಮಾಡುತ್ತಿದ್ದ ಕಾಲದ ಒಂದು ಫೋಟೊ. ಇಷ್ಟನ್ನು ರೂಮಿನ ಬಾಗಿಲ ಪಕ್ಕ ಹಾಕಿ. ಇದರಿಂದ ಹೆಚ್ಚು ಲಾಭ ಸಿಬ್ಬಂದಿಗೇ. ಹೊಸದಾಗಿ ಸೇರಿದ ಸಹಾಯಕಿಗೆ ಮಾತ್ರೆ ಕೊಡುವಾಗ ಮಾತಾಡೋಕೆ ಒಂದು ವಿಷಯ ಸಿಗುತ್ತದೆ. ಸಂಭ್ರಮ ಮಾಡಲೇಬೇಕು ಅಂತಿದ್ದರೆ ವೇದಿಕೆ ಬೇಡ, ಕೆಲಸ ಕೊಡಿ. ಟೇಲರ್ ಆಗಿದ್ದವರು ಗುಂಡಿ ಹೊಲಿಯೋದು ಕಲಿಸಲಿ, ಮೇಷ್ಟ್ರಾಗಿದ್ದವರು ಗಟ್ಟಿಯಾಗಿ ಓದಿ ಹೇಳಲಿ.

ಕೆಲವರು ಏನೂ ಹೇಳಲು ಇಷ್ಟಪಡುವುದಿಲ್ಲ. ಸರಿ, ಬಿಡಿ. ಮುಂದಿನ ವಾರವೂ ಅದೇ ಹೊತ್ತಿಗೆ ಹೋಗಿ, ಅವರ ಜೊತೆ ಪೇಪರ್ ಓದಿಕೊಂಡು ಕೂತು ಬನ್ನಿ.