ಪಂಪ್ ಇಲ್ಲದೆ ಶವರ್ ಬರಿಸಿದ ಕಥೆ

ಹೋದ ವಾರ ಮೇಷ್ಟ್ರ ಮನೆಯಿಂದ ಫೋನ್ ಬಂತು. ಎಂಟು ತಿಂಗಳ ಹಿಂದೆ ನಾನು ಅಲ್ಲಿ ಮಾಡಿದ ಪ್ಲಂಬಿಂಗ್ ಕೆಲಸ. ಎಲ್ಲೋ ಲೀಕ್ ಶುರುವಾಗಿರಬೇಕು ಅಂತ ಎದೆ ಧಸಕ್ಕೆಂದಿತು. ವಿಷಯ ಅದಲ್ಲ, ಎದುರು ಮನೆಯವರಿಗೂ ಹಾಗೇ ಮಾಡಿಕೊಡಬೇಕಂತೆ. ಈ ಕೆಲಸ ಹಿಡಿದಾಗ ನಕ್ಕವರು ಒಬ್ಬಿಬ್ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಲೈನಿನವರಿಗೆ ಪೈಪ್ ರೆಂಚ್ ಹಿಡಿಯೋದು ಹೇಳಿಕೊಡಬೇಕಾಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ತುಮಕೂರಿನಲ್ಲಿ 90ರ ದಶಕದಲ್ಲಿ ಕಟ್ಟಿದ ಮನೆ. ಗೋಡೆಯೊಳಗೆಲ್ಲಾ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ನೀರು ಬೋರಿನದು. ಪೈಪಿನೊಳಗೆ ಉಪ್ಪು ಕಟ್ಟಿ ಬೆರಳೂ ಹೋಗದಷ್ಟು ಆಗಿತ್ತು. ಮೇಲಿನ ಮನೆಯ ಬಾತ್‌ರೂಮಿನಲ್ಲಿ 10 ಲೀಟರ್ ಬಕೆಟ್ ತುಂಬಲು ಹತ್ತಿರ ಹತ್ತಿರ 4 ನಿಮಿಷ. ಶವರ್ ಅಂತೂ ಹನಿ ಹನಿ.

ನನಗಿಂತ ಮುಂಚೆ ನೋಡಿ ಹೋದವರಲ್ಲಿ ಒಬ್ಬರು ಪ್ರೆಶರ್ ಪಂಪ್ ಹಾಕಿ ಅಂದಿದ್ದರು, 15 ಸಾವಿರ. ಇನ್ನೊಬ್ಬರು ಆಂಗಲ್ ಸ್ಟ್ಯಾಂಡ್ ಮಾಡಿಸಿ ಟ್ಯಾಂಕ್ ಐದಡಿ ಎತ್ತಿಸಿ ಅಂದರು, 20 ಸಾವಿರ. ಟೈಲ್ಸ್ ಒಡೆದು ಹೊಸ ಲೈನ್ ಎಳೆಯೋದಾದರೆ 60-70 ಸಾವಿರ. ನನ್ನ ಭಾಮೈದನದೂ ಇದೇ ಕೆಲಸ. "ಬಾವ, ಸುಮ್ನೆ ಪಂಪ್ ಕೂರಿಸಿ ದುಡ್ಡು ಇಸ್ಕೊಂಡು ಬನ್ನಿ" ಅಂದ.

ಪಂಪ್ ನನಗೆ ಬೇಡವಾಗಿತ್ತು. ಮೇಷ್ಟ್ರ ಮನೆಯ ಸೋಲಾರ್ ಟ್ಯಾಂಕ್ ಏರ್ ವೆಂಟ್ (ಗಾಳಿ ಪೈಪು) ತೆರೆದಿರುವಂಥದ್ದು, ಪ್ರೆಶರ್ ತಡೆಯೋದಿಲ್ಲ. ತಣ್ಣೀರಿಗೆ ಮಾತ್ರ ಪಂಪ್ ಕೊಟ್ಟರೆ, ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್‌ನಲ್ಲಿ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗಿ ಹಿಂದಕ್ಕೆ ಏರುತ್ತದೆ. ಇನ್ನೊಂದು ಮನೆಯಲ್ಲಿ ಹೀಗೇ ಮಾಡಿ ವೆಂಟ್‌ನಲ್ಲಿ ಕಾರಂಜಿ ನೋಡಿದ್ದೇನೆ. ಆ ಪಂಪ್ ವಾಪಸ್ ಕೊಡುವಾಗ 3 ಸಾವಿರ ಕೈ ಬಿಟ್ಟಿತು.

ಮೊದಲು ಹಳೇ ಲೈನನ್ನೇ ತೊಳೆದು ನೋಡೋಣ ಅಂದುಕೊಂಡೆ. ಆಸಿಡ್‌ಗೆ ನೀರು ಬೆರೆಸಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಗ್ಗೆ ನೀರು ಚೆನ್ನಾಗೇ ಬಂತು. ಮೂರನೇ ದಿನ ಮಲಗುವ ಕೋಣೆಯ ಗೋಡೆ ಒದ್ದೆ. ತುಕ್ಕು ತಿಂದ ಎಲ್ಬೋವನ್ನು (ಪೈಪಿನ ತಿರುವಿನ ಜೋಡಣೆ) ಇಷ್ಟು ವರ್ಷ ಆ ಉಪ್ಪೇ ಮುಚ್ಚಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಪ್ಲಾಸ್ಟರ್, ಬಣ್ಣ ಅಂತ ನನ್ನ ಜೇಬಿನಿಂದ ಎರಡೂವರೆ ಸಾವಿರ. ಮೇಷ್ಟ್ರು ಬೈಯಲಿಲ್ಲ. "ಪ್ರಯೋಗ ಮುಗೀತೇನಪ್ಪಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಟೆರೇಸ್ ಮೇಲೆ ಹೋಗಿ ಲೈನ್ ಪೂರ್ತಿ ನಡೆದು ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು ಅಲ್ವಾ? ಟ್ಯಾಂಕ್ ತಳದಿಂದ ಹೊರಟ ಪೈಪು ಪ್ಯಾರಪೆಟ್ ಹತ್ತಿ ಇಳಿದಿತ್ತು. ಆ ಗೂನಿನಲ್ಲಿ ಗಾಳಿ ಕೂರುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದಾಗ ನೀರೇ ನಿಲ್ಲುತ್ತಿದ್ದದ್ದು ಇದಕ್ಕೇ. ಜೊತೆಗೆ ಯಾರೋ ರಿಪೇರಿಗೆ ಅಂತ ನಡುವೆ ಅರ್ಧ ಇಂಚಿನ ಹಳದಿ ಪೈಪು ಸೇರಿಸಿದ್ದರು. ಅದು ಸಿಪಿವಿಸಿ, ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು. ಸಿಪಿವಿಸಿ ಅರ್ಧ ಇಂಚು ಅಂದರೆ ಒಳಗೆ 12-13 ಎಂಎಂ ಅಷ್ಟೇ. ಜಿಐ ಅರ್ಧ ಇಂಚಿಗೆ 16 ಇರುತ್ತದೆ. ಹೆಸರು ಒಂದೇ, ಹೊಟ್ಟೆ ಬೇರೆ. ಎಲ್ಬೋ ಎಣಿಸಿದೆ, ಕಂಡಷ್ಟೇ 14.

ಟ್ಯಾಂಕ್ ತಳದಿಂದ ಶವರ್‌ಗೆ ಆರಡಿಯೂ ಇಲ್ಲ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕೆಜಿ ಪ್ರೆಶರ್ ಲೆಕ್ಕ ಹಾಕಿದರೆ ಇಲ್ಲಿ 200 ಗ್ರಾಮೂ ಬರೋದಿಲ್ಲ. ಇರೋ ಅಷ್ಟನ್ನೂ ದಾರಿಯಲ್ಲೇ ಕಳೆದರೆ ಶವರ್‌ಗೆ ಏನು ಉಳಿಯುತ್ತೆ?

ಗೋಡೆಯೊಳಗಿನ ಲೈನಿಗೆ ಎಂಡ್ ಪ್ಲಗ್ ಹಾಕಿ ಅಲ್ಲೇ ಸಾಯಿಸಿದೆ. ಟ್ಯಾಂಕಿನಿಂದ ಒಂದೂಕಾಲು ಇಂಚು ತೆಗೆದು, ಪ್ಯಾರಪೆಟ್ ಬುಡದಲ್ಲೇ ತೂತು ಹಾಕಿ, ಹೊರಗೋಡೆ ಮೇಲೆ ಒಂದು ಇಂಚು ಇಳಿಸಿದೆ. ಎಲ್ಲೂ ಏರು ಇಲ್ಲ, ಬರೀ ಇಳಿಜಾರು. ಮಿಕ್ಸರ್ ಹತ್ತಿರ ಮಾತ್ರ ಮುಕ್ಕಾಲು, ಕೊನೆಯ ಒಂದು ಗೇಣು ಅರ್ಧ. ಗೇಟ್ ವಾಲ್ವ್ ಕಿತ್ತು, ಪೈಪಿನಷ್ಟೇ ಅಗಲದ ದಾರಿ ಬಿಡುವ ಫುಲ್ ಬೋರ್ ಬಾಲ್ ವಾಲ್ವ್ ಹಾಕಿದೆ. 90 ಡಿಗ್ರಿ ಎಲ್ಬೋ ಬದಲು ಆದಷ್ಟು ಕಡೆ 45 ಡಿಗ್ರಿಯವು ಎರಡೆರಡು. ವಾಲ್ವ್ ದಾಟಿದ ಕೂಡಲೇ ಏರ್ ವೆಂಟ್. ಹೊರಗಿನಿಂದ ಕೊರೆದು ಮಿಕ್ಸರ್ ಹಿಂದಕ್ಕೇ ಬಂದೆ. ಅಲ್ಲಿದ್ದ ಹಳೇ ಜಿಐ ಎಲ್ಬೋವನ್ನು ಒಂದು ಟೈಲೂ ಬಿರುಕು ಬಿಡದಂತೆ ಹೇಗೆ ತೆಗೆದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಎದುರು ಮನೆ ಕೆಲಸ ಇನ್ನೂ ಬಾಕಿ ಇದೆ.

ಇಷ್ಟಾದರೂ ಎರಡು ಸಲ ಮುಗ್ಗರಿಸಿದೆ. ನಮ್ಮ ಹುಡುಗ ವೆಂಟ್ ಪೈಪನ್ನು ಟ್ಯಾಂಕಿನ ಓವರ್‌ಫ್ಲೋಗಿಂತ ನಾಲ್ಕು ಬೆರಳು ಕೆಳಗೆ ಕತ್ತರಿಸಿದ್ದ. ನಾನೂ ನೋಡಲಿಲ್ಲ. ಸಂಜೆ ಟ್ಯಾಂಕ್ ತುಂಬಿಸಿದ್ದೇ ತಡ, ರಾತ್ರಿಯೆಲ್ಲಾ ಟೆರೇಸ್ ಮೇಲೆ ನೀರು. ಇನ್ನೊಂದು, ಮನೆಯವರು ಅವಸರ ಮಾಡಿದರು ಅಂತ ಅಂಟು ಹಾಕಿದ ಒಂದು ಗಂಟೆಗೇ ನೀರು ಬಿಟ್ಟೆ. ಒಂದೂಕಾಲಿನ ಜಾಯಿಂಟ್ ಕಳಚಿಕೊಂಡಿತು. ಎರಡೂ ಸೇರಿ ಫಿಟ್ಟಿಂಗ್ಸು, ಅರ್ಧ ದಿನದ ಕೂಲಿ ಅಂತ ಸುಮಾರು 1,800 ಹೋಯಿತು. ಈಗ ಯಾರು ಏನೇ ಹೇಳಲಿ, ಮಾರನೇ ದಿನವೇ ವಾಲ್ವ್ ತಿರುಗಿಸೋದು.

ಬಿಸಿನೀರಿನ ಸಿಪಿವಿಸಿ ಪೈಪಿಗೆ ಕ್ಲಾಂಪ್ ಬಿಗಿಯಾಗಿ ಹಾಕಬೇಡಿ. ಬಿಸಿ 50 ಡಿಗ್ರಿ ಏರಿದರೆ ಮೀಟರಿಗೆ 3 ಎಂಎಂ ಮೇಲೆ ಬೆಳೆಯುತ್ತದೆ. ಏಳು ಮೀಟರ್ ಪೈಪು ಹಾವಿನ ಹಾಗೆ ಡೊಂಕಾಗಿತ್ತು. ಕ್ಲಾಂಪ್ ಸಡಿಲ ಮಾಡಿ ಒಂದು ತಿರುವು ಕೊಟ್ಟ ಮೇಲೆ ಸರಿಹೋಯಿತು. ಬಿಸಿಲಿಗೆ ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಬಿಳಿ ಪೇಂಟ್ ಹೊಡೆಸಿದೆ. ಆಯಿಲ್ ಪೇಂಟ್ ಬೇಡ.

ನಡುವೆ ಶವರ್‌ಗಳ ಹುಚ್ಚೂ ಹಿಡಿಯಿತು. ಹಳೆಯವು ನಾಲ್ಕನ್ನು ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿಟ್ಟು, ಒಂದೊಂದಾಗಿ ಸಿಕ್ಕಿಸಿ ನೋಡಿದೆ. ತಟ್ಟೆಯಷ್ಟು ಅಗಲದ್ದು ಈ ಪ್ರೆಶರ್‌ಗೆ ಸುಮ್ನೆ ತೊಟ್ಟಿಕ್ಕುತ್ತದೆ. ತೂತು ಕಮ್ಮಿ ಇರುವ ಸಣ್ಣದೇ ಗೆದ್ದಿತು. ಅದರ ಬೆಲೆ 180 ರೂಪಾಯಿಯೋ ಏನೋ.

ಈಗ ಅದೇ ಬಕೆಟ್ 50 ಸೆಕೆಂಡಿಗೆ ತುಂಬುತ್ತದೆ. ಸಾಮಾನು 9 ಸಾವಿರದ ಆಸುಪಾಸು, ಮೂರು ದಿನದ ಕೂಲಿ ಬೇರೆ. ಒಂದೇ ಕೊರತೆ. ಬಿಸಿನೀರಿಗೂ ಒಂದು ಇಂಚು ಹಾಕಿದ್ದರಿಂದ ಬೆಳಗ್ಗೆ ಪೈಪಿನಲ್ಲಿ ತಣ್ಣಗೆ ನಿಂತ ಮೂರು ಲೀಟರ್ ನೀರು ಮೊದಲು ಬರುತ್ತದೆ. ಮೇಷ್ಟ್ರ ಮನೆಯವರು ಅದನ್ನು ಗಿಡಕ್ಕೆ ಹಾಕುತ್ತಾರೆ. ನನಗೆ ಮಾತ್ರ ಮನಸ್ಸಿಗೆ ಸಮಾಧಾನವಿಲ್ಲ.

ಎದುರು ಮನೆಯಲ್ಲಿ ತಣ್ಣೀರಿನ ಟ್ಯಾಂಕ್ ಸೋಲಾರ್‌ಗಿಂತ ಕೆಳಗಿದೆ. ಅಲ್ಲಿ ಸ್ಟ್ಯಾಂಡ್ ಎತ್ತಿಸದೆ ಆಗೋದಿಲ್ಲ, ಅದನ್ನು ಹೇಳಿಯೇ ಬಂದಿದ್ದೇನೆ. ಭಾನುವಾರ ಅಳತೆಗೆ ಹೋಗಬೇಕು. ಭಾಮೈದನೂ ಬರ್ತಾನಂತೆ, ಎಲ್ಬೋ ತೆಗೆಯೋದು ನೋಡೋಕೆ.