ಡ್ರೀಮ್ ಪ್ರಶ್ನಾವಳಿ: ಒಟ್ಟು ಅಂಕ ಹೇಳದ್ದನ್ನು ಒಂದೊಂದು ಹೇಳಿಕೆ ಹೇಳುತ್ತದೆ

ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕಾಲೇಜಿನ ಕಲಿಕಾ ವಾತಾವರಣ ಹೇಗನ್ನಿಸುತ್ತದೆ ಎಂದು ತಿಳಿಯಲು ನಾವು ಹಿಡಿದದ್ದು ಡ್ರೀಮ್ (ಡಂಡಿ ರೆಡಿ ಎಜುಕೇಷನ್ ಎನ್ವಿರಾನ್‌ಮೆಂಟ್ ಮೆಷರ್) ಪ್ರಶ್ನಾವಳಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪುಗೊಂಡು 1997ರಲ್ಲಿ ಪ್ರಕಟವಾದದ್ದು ಅದು. ಹೇಳಿಕೆಗಳು 50, ಒಂದೊಂದಕ್ಕೆ 0ಯಿಂದ 4 ಅಂಕ (4 ಎಂದರೆ ‘ಖಂಡಿತ ಒಪ್ಪುತ್ತೇನೆ’, 2 ಎಂದರೆ ‘ಖಚಿತವಿಲ್ಲ’), ಒಟ್ಟು 200. ಭಾಗಗಳು ಐದು: ಪಾಠಕ್ಕೆ 48, ಅಧ್ಯಾಪಕರಿಗೆ 44, ಓದಿನಲ್ಲಿ ತಮ್ಮ ಬಗ್ಗೆ ತಮಗಿರುವ ನಂಬಿಕೆಗೆ 32, ವಾತಾವರಣಕ್ಕೆ 48, ಒಡನಾಟದ ಬದುಕಿಗೆ 28.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಮೇಲೆ ಮೊದಲ ಪ್ರಶ್ನೆ: ಹಾಳೆ ಹಂಚುವವರು ಯಾರು? ಇಂಟರ್ನಲ್ಸ್ ಅಂಕ ಹಾಕುವವರೇ ಎದುರು ನಿಂತರೆ ‘ಅಧ್ಯಾಪಕರು ತರಗತಿಯಲ್ಲಿ ಸಿಟ್ಟಾಗುತ್ತಾರೆ’ ಎಂಬ 39ನೇ ಹೇಳಿಕೆಗೆ ಮನಸ್ಸಿನ ಉತ್ತರ ಬರುವುದಿಲ್ಲ. ಆ ಬ್ಯಾಚಿಗೆ ಪಾಠ ಮಾಡದವರನ್ನು ಕಳಿಸಿ. ರೋಲ್ ನಂಬರ್ ಬೇಡವೇ ಬೇಡ. ವರ್ಷ, ಹಾಸ್ಟೆಲ್ಲೋ ಮನೆಯೋ, ಇಷ್ಟು ಸಾಕು. ಊರು, ವಯಸ್ಸು, ಲಿಂಗ ಎಲ್ಲ ಸೇರಿಸಿದರೆ ಹೆಸರಿಲ್ಲದೆಯೂ ಗುರುತು ಸಿಕ್ಕಿಬಿಡುತ್ತದೆ, ಅದು ಮಕ್ಕಳಿಗೂ ಗೊತ್ತು. ಗೂಗಲ್ ಫಾರ್ಮ್ ಆದರೆ ಇಮೇಲ್ ಕೇಳುವ ಆಯ್ಕೆ ತೆಗೆಯಿರಿ. ಇಂಟರ್ನಲ್ಸ್ ನಡೆಯುವ ವಾರ ಬಿಟ್ಟುಬಿಡಿ, ಆಗ ಬರುವುದು ಪರೀಕ್ಷೆಯ ದಣಿವು.

9ನೇ ಹೇಳಿಕೆಯ ‘ಅಥಾರಿಟೇರಿಯನ್’ ಪದದಲ್ಲಿ ಎಡವುವವರಿದ್ದಾರೆ. ಅದನ್ನು ‘ವಿಷಯದಲ್ಲಿ ಅಧಿಕಾರವಿರುವವರು’ ಎಂದು ಓದಿಕೊಂಡವರು ಹೊಗಳಿಕೆ ಎಂದುಕೊಂಡು 4 ಹಾಕುತ್ತಾರೆ. ‘ದರ್ಪ ತೋರಿಸುವವರು’ ಎಂದು ಮೊದಲೇ ಹೇಳಿ, ಆದರೆ ಎಲ್ಲ ಬ್ಯಾಚಿಗೂ ಅದೇ ಮಾತಿನಲ್ಲಿ.

ತಪ್ಪು ಹೆಚ್ಚಾಗಿ ಆಗುವುದು ಅಂಕ ಕೂಡುವಾಗ. 4, 8, 9, 17, 25, 35, 39, 48, 50, ಈ ಒಂಬತ್ತು ಹೇಳಿಕೆಗಳು ದೂರಿನ ರೂಪದಲ್ಲಿವೆ. ಇವನ್ನು ತಿರುಗಿಸಬೇಕು: ಬಂದ ಅಂಕವನ್ನು 4ರಿಂದ ಕಳೆಯಿರಿ. ವಿದ್ಯಾರ್ಥಿ ಒಂಬತ್ತಕ್ಕೂ 1 ಹಾಕಿದ್ದರೆ ನಿಜವಾದ ಲೆಕ್ಕ 27, ತಿರುಗಿಸದಿದ್ದರೆ 9. ಹದಿನೆಂಟು ಅಂಕ ಹೋಯಿತು! ಮೂಲ ಕಾಲಂ ಹಾಗೇ ಉಳಿಸಿ ಪಕ್ಕದಲ್ಲಿ ಹೊಸದು ಮಾಡಿ, ಇಲ್ಲವಾದರೆ ಇಬ್ಬರು ಎರಡು ಸಲ ತಿರುಗಿಸುತ್ತಾರೆ. ಖಾಲಿ ಬಿಟ್ಟದ್ದನ್ನು 0 ಎಂದು ಹಾಕಬೇಡಿ. 0 ಎಂದರೆ ‘ಖಂಡಿತ ಒಪ್ಪುವುದಿಲ್ಲ’. ವಾರ್ಡ್ ಪೋಸ್ಟಿಂಗ್ ಕಾಣದ ಮೊದಲ ವರ್ಷದವರಿಗೆ ವಾರ್ಡ್ ಪಾಠದ 11ನೇ ಹೇಳಿಕೆ ಅನ್ವಯಿಸುವುದಿಲ್ಲ. ಅದನ್ನು ಬಿಟ್ಟರೆ ವಾತಾವರಣದ ಗರಿಷ್ಠ 44, ಒಟ್ಟು 196 ಎಂದು ಸ್ಪಷ್ಟವಾಗಿ ಬರೆಯಿರಿ.

ಒಟ್ಟು ಅಂಕ 101ರಿಂದ 150 ಬಂದರೆ ‘ಕೊರತೆಗಿಂತ ಒಳಿತೇ ಹೆಚ್ಚು’ ಎಂದು ಅರ್ಥ. ಆಡಳಿತಕ್ಕೆ ಈ ಸಾಲು ಹಿತ, ಅಲ್ಲಿಗೇ ಫೈಲು ಮುಚ್ಚುತ್ತದೆ. ನಮ್ಮ ಮಟ್ಟಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಸರಾಸರಿ 2 ಅಥವಾ ಅದಕ್ಕಿಂತ ಕಡಿಮೆ ಇರುವ ಹೇಳಿಕೆಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಎಷ್ಟು ಜನ 0, ಎಷ್ಟು ಜನ 4 ಎಂದು ಎಣಿಸಿ. ಒತ್ತಡದಲ್ಲಿರುವವರಿಗೆ ಆಸರೆ ಇದೆಯೇ ಎನ್ನುವ 3ನೇ ಹೇಳಿಕೆಗೆ ಎಲ್ಲರೂ 2 ಹಾಕಿದ್ದರೆ ಕೌನ್ಸೆಲರ್ ಇರುವುದೇ ಅವರಿಗೆ ಗೊತ್ತಿಲ್ಲದಿರಬಹುದು. ಅರ್ಧ 0, ಅರ್ಧ 4 ಇದ್ದರೂ ಸರಾಸರಿ 2 ತಾನೇ? ಆಗ ಹಾಸ್ಟೆಲ್ಲಿನವರು, ಮನೆಯಿಂದ ಬರುವವರು ಎಂದು ಬೇರ್ಪಡಿಸಿ ನೋಡಿ.

ಏಕೆ ಎಂಬುದನ್ನು ಅಂಕ ಹೇಳುವುದಿಲ್ಲ. ಆರೆಂಟು ವಿದ್ಯಾರ್ಥಿಗಳ ಗುಂಪು ಕೂರಿಸಿ, ಅವರ ಅಧ್ಯಾಪಕರಿಲ್ಲದೆ, ಆ ಹೇಳಿಕೆಗಳನ್ನಷ್ಟೇ ಮುಂದಿಟ್ಟು ಕೇಳಿ. ಏನು ಬದಲಾಯಿತು, ಏನು ಸದ್ಯಕ್ಕೆ ಆಗದು ಎಂಬುದನ್ನು ನೋಟಿಸ್ ಬೋರ್ಡಿಗೆ ಹಾಕಿ. ಹಾಕದಿದ್ದರೆ ಮುಂದಿನ ವರ್ಷ ಎಲ್ಲದಕ್ಕೂ 2 ಗೀಚಿ ಕೊಡುತ್ತಾರೆ. ಒಂದು ವರ್ಷದ ಬಳಿಕ ಮತ್ತೆ ಅಳೆಯುವಾಗ ಬ್ಯಾಚಿನ ಸರಾಸರಿಗಳನ್ನಷ್ಟೇ ಹೋಲಿಸಿ. ಹೆಸರಿಲ್ಲದ ಹಾಳೆಗಳಿಗೆ ಪೇರ್ಡ್ ಟಿ-ಟೆಸ್ಟ್ (ಒಬ್ಬೊಬ್ಬರ ಹಿಂದಿನ ಮತ್ತು ಈಗಿನ ಅಂಕವನ್ನು ಜೋಡಿಸಿ ಹೋಲಿಸುವ ಲೆಕ್ಕ) ಹಾಕಲಾಗದು.