ಬಾಯಿ ಮುಚ್ಚಿಸಿದ್ದ ವಾರ್ನಿಂಗ್, ಗಡಿ ದಾಟಿದ ಅರೇ

ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ತೊಗರಿಯ ತೇವಾಂಶ ಅಳೆಯುವ ಲಿನಕ್ಸ್ ಬೋರ್ಡ್ ಇದೆ, ಎಕ್ಸ್86 (ಪಿಸಿಗಳಲ್ಲಿರುವ ಬಗೆಯ) ಪ್ರೊಸೆಸರಿನದು. ಹತ್ತು ಬಿನ್, ಹತ್ತು ಸೆನ್ಸರ್. "ಸರ್, ಕರೆಂಟ್ ಹೋಗಿ ಬಂದ್ರ ಹತ್ತನೇದು ಬ್ಯಾರೇನೇ ತೋರಸ್ತದ ನೋಡ್ರಿ" ಅಂತ ಆಪರೇಟರ್ ಫೋನ್ ಮಾಡಿದರು. ಎಲ್ಲರಿಗೂ ವೈರಿಂಗ್ ಮೇಲೆ ಅನುಮಾನ. ಆದರೆ ವೈರ್ ಸಡಿಲವಾಗಿದ್ದರೆ ಅಂಕಿ ಆಗಾಗ ಕುಣಿಯಬೇಕು. ಇಲ್ಲಿ ಮುಂದಿನ ಬೂಟ್ ತನಕ ಒಂದೇ ತಪ್ಪು. ಮೆಮೊರಿಯದೇ ಕೈವಾಡ ಅನ್ನಿಸಿತು.

ಬೋರ್ಡಿನ ಜೊತೆ ಬಂದ ಡ್ರೈವರ್, ಅಂದ್ರೆ ಸೆನ್ಸರ್ ಓದುವ ಕೋಡ್, ತೆರೆದೆ. ಪ್ರತಿ ಸೆನ್ಸರಿನ ತಿದ್ದುಪಡಿ ಅಂಕಿ ಇಡುವ ಕ್ಯಾಲಿಬ್ರೇಷನ್ ಟೇಬಲ್ಲಿಗೆ 40 ಬೈಟ್ ಕೆಮ್ಯಾಲಾಕ್ (ಲಿನಕ್ಸಿನ ತಿರುಳಾದ ಕರ್ನಲ್ ಬಳಿ ಮೆಮೊರಿ ಕೇಳುವ ಕರೆ): 4 ಬೈಟಿನ ಹತ್ತು ಅಂಕಿ. ಓದುವ ಮುಂಚೆ ಇಂಡೆಕ್ಸ್ (ಎಷ್ಟನೇ ಅಂಕಿ ಅನ್ನೋ ಸಂಖ್ಯೆ) ಮೇಲೆ ವಾರ್ನ್_ಆನ್ ಕೂಡ ಇತ್ತು, ಗಡಿ ದಾಟಿದರೆ ಲಾಗಿನಲ್ಲಿ ಎಚ್ಚರಿಕೆ ಬರೆಯುವ ಚೆಕ್. ಆದರೂ ಕರ್ನಲ್ ಲಾಗ್ ಖಾಲಿ! ಕರ್ನಲ್ ಚಿಕ್ಕದಾಗಲಿ ಅಂತ ಯಾರೋ ಇಂಥ ಎಚ್ಚರಿಕೆಗಳನ್ನು ಕರ್ನಲ್ಲಿಗೆ ಸೇರಿಸುವ ಕಾನ್ಫಿಗ್_ಬಗ್ ಆಯ್ಕೆ ಆಫ್ ಮಾಡಿದ್ದರು. ಆಗ ವಾರ್ನ್_ಆನ್ ಷರತ್ತನ್ನು ನೋಡುತ್ತದೆ, ಸುಮ್ನೆ ಮುಂದೆ ಹೋಗುತ್ತದೆ. ಇದು ಚೆಕ್ಕೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಓದುವವರು ನಂಬಿಬಿಡುತ್ತಾರೆ.

ಕಾನ್ಫಿಗ್_ಬಗ್ ಆನ್ ಮಾಡಿ, ಜೊತೆಗೆ ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಕಾಸಾನ್ ಹಾಕಿ ಬಿಲ್ಡ್ ಮಾಡಿದೆ. 2015ರ 4.0 ಕರ್ನಲ್‌ನಿಂದಲೇ ಇರುವ ಸಾಧನ. ಪ್ರತಿ 8 ಬೈಟಿಗೆ 1 ಬೈಟ್ ನೆರಳು ಲೆಕ್ಕ ಇಡುತ್ತದೆ. ಬೂಟ್ ಆದ ಕೂಡಲೇ ವಾರ್ನಿಂಗ್ ಬಂತು, ಹಿಂದೆಯೇ ಕಾಸಾನ್ ವರದಿ: ಸ್ಲ್ಯಾಬ್ ಔಟ್ ಆಫ್ ಬೌಂಡ್ಸ್, ಅಂದ್ರೆ ಕೇಳಿ ಪಡೆದ ಮೆಮೊರಿಯ ಗಡಿಯಾಚೆ, 4 ಬೈಟಿನ ರೀಡ್. ನೆರಳಿನ ಸಾಲಲ್ಲಿ ಐದು 00 (ಎಂಟೂ ಬೈಟ್ ಮುಟ್ಟಬಹುದು), ಆಮೇಲೆ ಎಫ್‌ಸಿ (ಮುಟ್ಟಬಾರದು). ಐದು ಎಂಟಲೆ ನಲವತ್ತು. ತಪ್ಪಿನ ಜಾಗ ತೋರಿಸುವ ಗುರುತು ಮೊದಲ ಎಫ್‌ಸಿ ಮೇಲೆ.

ಪ್ಯಾನೆಲ್ ಮೇಲಿನ ಬಿನ್ ನಂಬರ್ 1ರಿಂದ 10. ಅರೇ, ಅಂದ್ರೆ ಟೇಬಲ್ಲಿನ ಅಂಕಿಗಳ ಸಾಲು, ಶುರುವಾಗೋದು 0ಯಿಂದ, ಮುಗಿಯೋದು 9ಕ್ಕೆ. ಡ್ರೈವರ್ ನಂಬರನ್ನು ಹಾಗೇ ಇಂಡೆಕ್ಸ್ ಮಾಡಿತ್ತು. 40 ಬೈಟ್ ಕೇಳಿದರೆ ಕರ್ನಲ್ 64ರ ತುಂಡು ಕೊಡುತ್ತದೆ, ಅಲ್ವಾ? ಹಾಗಾಗಿ ಹತ್ತನೇದು ಓದಿದ್ದು ಅದೇ ತುಂಡಿನ ಬಾಲದಲ್ಲಿದ್ದ ಹಳೇ ಕಸ. ಕ್ರ್ಯಾಶ್ ಆಗೋ ಮಾತೇ ಇಲ್ಲ. ಉಳಿದ ಒಂಬತ್ತೂ ಪಕ್ಕದ ಬಿನ್ನಿನ ಕ್ಯಾಲಿಬ್ರೇಷನ್ ತಗೊಳ್ಳುತ್ತಿದ್ದವು. ವ್ಯತ್ಯಾಸ ಸಣ್ಣದು, ಹಾಗಾಗಿ ದೂರು ಬರಲಿಲ್ಲ.

ಒಂದು ಕಳೆದು ಇಂಡೆಕ್ಸ್ ಮಾಡಿದೆ. ವಾರ್ನ್_ಆನ್ ಅನ್ನು ಇಫ್ ಒಳಗೆ ಹಾಕಿ, ನಂಬರ್ ಗಡಿ ದಾಟಿದರೆ ಎರರ್ ವಾಪಸ್ ಕೊಡುವ ಹಾಗೆ ಬದಲಿಸಿದೆ. ಟೆಸ್ಟ್ ಬೋರ್ಡಿನಲ್ಲಿ ವಾರ್ನಿಂಗ್ ಬಂದ ಕೂಡಲೇ ಕರ್ನಲ್ ನಿಲ್ಲಿಸುವ ಪ್ಯಾನಿಕ್_ಆನ್_ವಾರ್ನ್ ಇಟ್ಟಿದ್ದೇನೆ, ಮಿಲ್ಲಿನಲ್ಲಿ ಇಲ್ಲ. ಇದೇ ಟೇಬಲ್ ಒಂದು ಸ್ಟ್ರಕ್ಟ್ (ಹಲವು ಮಾಹಿತಿ ಒಟ್ಟಿಗೆ ಇಡುವ ಕಟ್ಟು) ನಡುವೆ ಇದ್ದಿದ್ದರೆ ಗಡಿ ದಾಟಿದ ಓದು ಅದೇ ಕಟ್ಟಿನೊಳಗೆ ಬೀಳುತ್ತಿತ್ತು, ಕಾಸಾನ್ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೆ ಯುಬಿಸಾನ್ ಅನ್ನೋ ಇನ್ನೊಂದು ಸಾಧನದ, ಇಂಡೆಕ್ಸನ್ನೇ ನೋಡುವ ಬೌಂಡ್ಸ್ ಚೆಕ್ ಬೇಕು. ಅದನ್ನೂ ಆನ್ ಮಾಡಿದೆ.